ಕೂಲರು, ಗಡಿಗೆ, ಮೊಬೈಲು: ಬೇಸಿಗೆ ಮಧ್ಯಾಹ್ನ ನೆಮ್ಮದಿಯಾಗಿ ಮಲಗುವುದಕ್ಕೆ ಏನೇನು ಬೇಕು

ದಾವಣಗೆರೆ, ಚಿತ್ರದುರ್ಗದ್ದು ಒಣ ಬಿಸಿಲು. ಮಂಗಳೂರಿನಲ್ಲಿ 34 ಡಿಗ್ರಿಗೇ ಮೈಯೆಲ್ಲ ಜಿಗುಟಾಗುತ್ತದೆ, ಇಲ್ಲಿ 38 ಆದರೂ ಬೆವರು ಬಂದ ಹಾಗೇ ಆರಿಹೋಗುತ್ತದೆ. ಇದು ನಮಗೆ ದೊಡ್ಡ ಅನುಕೂಲ. ನೀರು ಆರುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದಷ್ಟೂ ಜಾಸ್ತಿ ಎಳೆದುಕೊಳ್ಳುತ್ತದೆ. ಹೊರಗೆ 38 ಡಿಗ್ರಿ ಇದ್ದು ತೇವಾಂಶ ಶೇಕಡ 25ರ ಆಸುಪಾಸು ಇದ್ದರೆ, ಒಳ್ಳೆಯ ಪ್ಯಾಡ್ ಇರುವ ಕೂಲರು 27-28 ಡಿಗ್ರಿಯ ಗಾಳಿ ಕೊಡುತ್ತದೆ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಮಾರ್ಚ್-ಏಪ್ರಿಲ್ ಮಧ್ಯಾಹ್ನಗಳಿಗೆ ಇಷ್ಟು ಧಾರಾಳ ಸಾಕು.

ಆದರೂ "ನಮ್ಮ ಕೂಲರು ತಂಪೇ ಮಾಡೋದಿಲ್ಲ" ಅನ್ನುವವರು ಬಹಳ. ಹತ್ತಕ್ಕೆ ಎಂಟು ಮನೆಯಲ್ಲಿ ಕೂಲರು ಸರಿಯಾಗೇ ಇರುತ್ತದೆ, ಇಟ್ಟ ಜಾಗ ತಪ್ಪಿರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಕೂಲರನ್ನು ಕಿಟಕಿಗೆ ಕೊಡಿ

ಕೂಲರನ್ನು ಕೋಣೆಯ ಮಧ್ಯೆ ಇಟ್ಟು, ಬಾಗಿಲು ಕಿಟಕಿ ಎಲ್ಲ ಜಡಿದು, ಎಸಿ ಹಾಕಿದ ಹಾಗೆ ಮಲಗುವುದು ದೊಡ್ಡ ತಪ್ಪು. ಮೊದಲ ಕಾಲು ಗಂಟೆ ಹಾಯೆನ್ನಿಸುತ್ತದೆ. ಆಮೇಲೆ ಕೋಣೆಯ ಗಾಳಿಯೆಲ್ಲ ಒದ್ದೆಯಾಗಿ, ಪ್ಯಾಡಿನ ನೀರು ಆರುವುದು ನಿಂತುಹೋಗುತ್ತದೆ. ಹಾಸಿಗೆ ತಣ್ಣಗೆ ಜಿಗುಟಾಗುತ್ತದೆ, ಗೋಡೆ ಬೀರುವಿನೊಳಗಿನ ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ.

ಕೂಲರಿಗೆ ಹೊರಗಿನ ಒಣ ಗಾಳಿ ಸಿಗಬೇಕು, ಒಳಗಿನ ಒದ್ದೆ ಗಾಳಿ ಆಚೆ ಹೋಗಬೇಕು. ಅದಕ್ಕೆ ಅದರ ಬೆನ್ನು ಕಿಟಕಿಗೆ ಇರಲಿ. ಆ ಕಿಟಕಿ ನೆರಳಿನ ಕಡೆ, ಅಂದರೆ ಉತ್ತರಕ್ಕೋ ಮಧ್ಯಾಹ್ನದ ಮೇಲೆ ಪೂರ್ವಕ್ಕೋ ಇದ್ದರೆ ಉತ್ತಮ. ಎದುರು ಗೋಡೆಯಲ್ಲಿ ಗಾಳಿ ಹೋಗಲು ದಾರಿ ಬಿಡಿ. ಗಂಟೆಗೆ 2000 ಘನ ಮೀಟರ್ ಗಾಳಿ ತಳ್ಳುವ ಕೂಲರಿಗೆ ಸುಮಾರು ಎರಡು ಚದರ ಅಡಿ ದಾರಿ ಬೇಕು. ನಾಲ್ಕಡಿ ಎತ್ತರದ ಕಿಟಕಿ ಬಾಗಿಲನ್ನು ಅರ್ಧ ಅಡಿ ಸರಿಸಿದರೆ ಅಷ್ಟಾಗುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಆ ಸಂದಿಯ ಹತ್ತಿರ ಒಂದು ತೆಳು ಕಾಗದದ ಚೂರು ಹಿಡಿಯಿರಿ. ಅದು ಹೊರಕ್ಕೆ ಬಾಗಿದರೆ ಸರಿ ಇದೆ. ಒಳಕ್ಕೆ ಬಾಗಿದರೆ ಬಿಸಿಗಾಳಿಯೇ ಒಳಗೆ ನುಗ್ಗುತ್ತಿದೆ ಎಂದರ್ಥ, ಆಗ ಆ ಸಂದಿ ಮುಚ್ಚಿ ಬೇರೆ ಕಡೆಯದು ತೆರೆಯಿರಿ.

ಹೊಸದು ಕೊಳ್ಳುವವರು ಟ್ಯಾಂಕಿನ ಲೀಟರು ಮಾತ್ರ ನೋಡಬೇಡಿ, ಗಾಳಿಯ ಲೆಕ್ಕ ನೋಡಿ. ಕೋಣೆಯ ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ, ಎರಡರಿಂದ ಭಾಗಿಸಿ. 10ಕ್ಕೆ 12ರ, ಹತ್ತಡಿ ಎತ್ತರದ ಕೋಣೆಗೆ 600 ಬರುತ್ತದೆ. ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು. ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿದ್ದರೆ 600ನ್ನು 1.7ರಿಂದ ಗುಣಿಸಿ, ಸುಮಾರು 1000 ಆಯಿತು. ಬರೆದಷ್ಟು ಗಾಳಿ ಪ್ಯಾಡ್ ಹಾಕಿದ ಮೇಲೆ ಬರುವುದಿಲ್ಲ, ಹಾಗಾಗಿ 1500 ಇರುವುದನ್ನು ತೆಗೆದುಕೊಳ್ಳಿ.

ಬಳಸುವ ಕ್ರಮ ಹೀಗೆ. ಮಲಗುವ ಹತ್ತು ನಿಮಿಷ ಮೊದಲು ಪಂಪು ಮಾತ್ರ ಹಾಕಿ, ಪ್ಯಾಡ್ ಮೇಲಿಂದ ಕೆಳಗಿನವರೆಗೆ ನೆನೆಯಲಿ. ಆಮೇಲೆ ಫ್ಯಾನು ಹಾಕಿ. ಎದ್ದ ಮೇಲೆ ಪಂಪು ಮೊದಲು ಆರಿಸಿ, ಫ್ಯಾನು ಇನ್ನೂ ಕಾಲು ಗಂಟೆ ಓಡಲಿ. ಪ್ಯಾಡ್ ಒಣಗಿದರೆ ಮೀನಿನಂಥ ಆ ವಾಸನೆ ಬರುವುದಿಲ್ಲ. ಐಸು ಹಾಕುವ ಶ್ರಮ ಬೇಡ. ಒಂದು ಕೆಜಿ ಐಸು ಕರಗಿ ಎಳೆಯುವ ಶಾಖಕ್ಕಿಂತ ಒಂದು ಲೀಟರ್ ನೀರು ಆರಿ ಎಳೆಯುವ ಶಾಖ ಏಳು ಪಟ್ಟು ಹೆಚ್ಚು. ಐಸಿಗೆ ಕೊಡುವ ದುಡ್ಡನ್ನು ಹೊಸ ಪ್ಯಾಡಿಗೆ ಕೊಡಿ.

ಖರ್ಚಿನ ಮಾತು: 150 ವ್ಯಾಟಿನ ಕೂಲರು ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಒಂದೂವರೆ ಟನ್ನಿನ ಎಸಿ ಅಷ್ಟೇ ಹೊತ್ತಿಗೆ 150 ಯೂನಿಟ್ ದಾಟಬಹುದು. ಗೃಹಜ್ಯೋತಿಯ ಮಿತಿ 200 ಯೂನಿಟ್ ಎನ್ನುವುದನ್ನು ನೆನಪಿಡಿ.

ಬೋರಿನ ನೀರು ಮಾಡುವ ಹಾನಿ

ನಮ್ಮ ಕಡೆ ಕೂಲರು ಕೆಡುವುದು ಹೆಚ್ಚಾಗಿ ಗಡಸು ನೀರಿನಿಂದ. ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣದಂಶ ಆರುವುದಿಲ್ಲ. ಬರೀ ಮೇಲೆ ಮೇಲೆ ನೀರು ತುಂಬುತ್ತಾ ಹೋದರೆ ಟ್ಯಾಂಕಿನಲ್ಲಿ ಉಳಿದ ನೀರು ದಿನದಿಂದ ದಿನಕ್ಕೆ ಇನ್ನಷ್ಟು ಗಡಸಾಗುತ್ತದೆ. ಪ್ಯಾಡಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮೇಲಿನ ಕೊಳವೆಯ ತೂತುಗಳು ಮುಚ್ಚುತ್ತವೆ, ನೀರು ಒಂದೇ ಕಡೆ ಇಳಿದು ಪ್ಯಾಡಿನ ಅರ್ಧ ಭಾಗ ಒಣಗಿರುತ್ತದೆ. ಆ ಒಣ ಭಾಗದಿಂದ ಬರುವುದು ಹೊರಗಿನ ಬಿಸಿಗಾಳಿಯೇ.

ನಳದ ನೀರು ಬರುವ ದಿನ ಕೂಲರಿಗೆಂದು ಎರಡು ಕೊಡ ಎತ್ತಿಡಿ. ಬೋರಿನ ನೀರೇ ಗತಿ ಎನ್ನುವವರು ಮೂರು ದಿನಕ್ಕೊಮ್ಮೆ ಟ್ಯಾಂಕಿನ ತಳದ ನೀರನ್ನು ಪೂರ್ತಿ ಬಿಟ್ಟು ಹೊಸದು ತುಂಬಿ. ಬಿಟ್ಟ ನೀರು ಅಂಗಳ ತೊಳೆಯಲು ಆಗುತ್ತದೆ, ಕುಂಡದ ಗಿಡಕ್ಕೆ ಹಾಕಬೇಡಿ. ಜೇನುಗೂಡಿನ ಹಾಗಿರುವ ಹನಿಕಾಂಬ್ ಪ್ಯಾಡಿಗೆ ಬಿಳಿ ಪೊರೆ ಕಟ್ಟಿದ್ದರೆ ಹತ್ತು ಲೀಟರ್ ನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ, ಫ್ಯಾನು ಆರಿಸಿ, ಪಂಪು ಮಾತ್ರ ಅರ್ಧ ಗಂಟೆ ಓಡಿಸಿ. ನೀರು ಚೆಲ್ಲಿ, ಎರಡು ಸಲ ತೊಳೆಯಿರಿ. ಬ್ರಷ್ ಹಾಕಿ ಉಜ್ಜಿದರೆ ಅದರ ಕಾಗದದ ಪದರ ಎದ್ದುಬರುತ್ತದೆ. ಮರದ ನಾರಿನ ಪ್ಯಾಡಿಗೆ ಈ ಉಪಚಾರವೇನೂ ಬೇಡ, ವರ್ಷಕ್ಕೊಮ್ಮೆ ಬದಲಿಸಿಬಿಡಿ. ಲಾವಂಚದ ಪ್ಯಾಡಿನ ಪರಿಮಳ ಚೆನ್ನ, ಆದರೆ ಸುಣ್ಣದ ನೀರಿಗೆ ಅದೂ ಬೇಗ ಗಟ್ಟಿಯಾಗುತ್ತದೆ.

ವಾರಕ್ಕೊಮ್ಮೆ ಟ್ಯಾಂಕನ್ನು ಖಾಲಿ ಮಾಡಿ ಒಳಗೋಡೆ ಉಜ್ಜಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ತಗಡಿನ ಕೂಲರಿಗೆ ಎರಡು ಪಿನ್ನಿನ ವೈರು ಯಾವತ್ತೂ ಬೇಡ. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಸಾಕೆಟ್ಟಿನ ಹಿಂದೆ ಅರ್ಥಿಂಗ್ ನಿಜವಾಗಿ ಇದೆಯೋ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಮೂರನೇ ತೂತು ಬರೀ ತೋರಿಕೆಗೆ ಇರುತ್ತದೆ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟು ಸೋರಿದ ತಕ್ಷಣ ಲೈನು ಕಡಿಯುತ್ತದೆ. ನೀರು ತುಂಬುವಾಗ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ ಕೀಳಿ. ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಿ.

ಫ್ಯಾನು ನಿಧಾನವಾದರೆ

ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನು ಸೋತ ಹಾಗೆ ತಿರುಗುತ್ತಿದ್ದರೆ ಮೊದಲು ರಾತ್ರಿ ಹನ್ನೊಂದರ ಮೇಲೆ ನೋಡಿ. ಆಗ ಜೋರಾಗಿ ತಿರುಗಿದರೆ ಅದು ವೋಲ್ಟೇಜಿನ ತೊಂದರೆ, ಬೆಸ್ಕಾಂನ 1912ಕ್ಕೆ ದೂರು ಕೊಡಿ. ಆಗಲೂ ನಿಧಾನವೇ ಇದ್ದರೆ ಕೆಪಾಸಿಟರ್ ಸೋತಿರುತ್ತದೆ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡಿನದು ಇರುತ್ತದೆ. ಹಳೆಯದರ ಮೇಲೆ ಬರೆದದ್ದನ್ನು ನೋಡಿ ಅದೇ ಅಳತೆಯದು ಹಾಕಿಸಿ. ಜೋರಾಗಲಿ ಎಂದು ದೊಡ್ಡದು ಹಾಕಿದರೆ ಸುರುಳಿ ಕಾಯ್ದು ಸುಟ್ಟುಹೋಗುತ್ತದೆ.

ಕರೆಂಟು ಹೋದರೂ ಎಚ್ಚರವಾಗಬಾರದು

150 ಆಂಪಿಯರ್-ಅವರಿನ, 12 ವೋಲ್ಟಿನ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ. ಎರಡು ಮೂರು ವರ್ಷ ಹಳೆಯ ಬ್ಯಾಟರಿ, ಇನ್ವರ್ಟರಿನ ನಷ್ಟ ಎಲ್ಲ ಕಳೆದು 900 ಸಿಕ್ಕೀತು. ಕೂಲರು 150, ಹಳೆಯ ಫ್ಯಾನು 75, ಒಟ್ಟು 225 ವ್ಯಾಟ್. ನಾಲ್ಕು ಗಂಟೆ ಬರುತ್ತದೆ. ಫ್ಯಾನನ್ನು ಕರೆಂಟು ಕಡಿಮೆ ತಿನ್ನುವ ಹೊಸ ಬಗೆಯ, 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಐದು ಗಂಟೆ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಕೂಲರು ಹಾಕಬೇಡಿ, ಮೋಟ್ರು ಗುಂಯ್‌ಗುಡುತ್ತಾ ಕಾಯುತ್ತದೆ. ಸೈನ್ ವೇವ್ ಇರಲಿ.

ಬ್ಯಾಟರಿಯನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಟ್ಟರೆ ಅದರ ಆಯುಸ್ಸು ತಿನ್ನಿಸಿದಂತೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೆರಳಿರಲಿ, ಗಾಳಿಯೂ ಆಡಲಿ, ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅದರ ತೇಲುಬುರುಡೆ ನೋಡಿ. ಕೆಂಪು ಗುರುತಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಫಿಲ್ಟರಿನ ನೀರು, ಮಳೆ ನೀರು, ಆ್ಯಸಿಡ್ ಯಾವುದೂ ಬೇಡ. ಪೂರ್ತಿ ಚಾರ್ಜ್ ಆದ ಮೇಲೆ ಹಾಕಿ, ಮೊದಲೇ ತುಂಬಿದರೆ ಚಾರ್ಜ್ ಆಗುತ್ತಾ ಉಕ್ಕಿ ಚೆಲ್ಲುತ್ತದೆ.

ಮೊಬೈಲಿಗೂ ನೆರಳು ಬೇಕು

ಲಿಥಿಯಂ ಬ್ಯಾಟರಿಗೆ 35 ಡಿಗ್ರಿಯ ಮೇಲಿನ ಕೋಣೆಯಲ್ಲಿ ಚಾರ್ಜ್ ಆಗುವುದು ಕಷ್ಟ. ಮಧ್ಯಾಹ್ನ ಎರಡಕ್ಕೆ, ದಪ್ಪ ಕವರ್ ಹಾಕಿ, ಹಾಸಿಗೆಯ ಮೇಲಿಟ್ಟು, ಚಾರ್ಜಿಗೆ ಹಾಕಿಕೊಂಡೇ ಮ್ಯಾಚು ನೋಡಿದರೆ ನಾಲ್ಕು ದಿಕ್ಕಿನಿಂದ ಶಾಖ ಕೊಟ್ಟಂತೆ. ಬ್ಯಾಟರಿ ಉಬ್ಬುವುದು ಹೀಗೇ. ಬೆಳಗ್ಗೆ ಏಳಕ್ಕೆ ಚಾರ್ಜಿಗೆ ಹಾಕಿ 80ಕ್ಕೆ ತೆಗೆಯಿರಿ, ರಾತ್ರಿವರೆಗೆ ಬರುತ್ತದೆ. ಬಿಸಿಯಾದರೆ ಕವರ್ ತೆಗೆದು ಫ್ಯಾನಿನ ಕೆಳಗೆ ಕಲ್ಲು ನೆಲದ ಮೇಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ತೆಗೆದಾಗ ಒಳಗೆ ನೀರ ಹನಿ ಕಟ್ಟುತ್ತದೆ.

ಇನ್ನು ನಿದ್ದೆ ಕೆಡಿಸುವ ಸದ್ದು. ಮೊಬೈಲನ್ನು ಪೂರ್ತಿ ಆರಿಸಿ ಮಲಗುವುದು ಎಲ್ಲರಿಗೂ ಆಗದು. ಊರಲ್ಲಿ ವಯಸ್ಸಾದವರಿರುತ್ತಾರೆ, ತೋಟದಲ್ಲಿ ಮೋಟ್ರು ಇರುತ್ತದೆ. ಅದಕ್ಕೆ ಸೆಟ್ಟಿಂಗ್ಸಿನಲ್ಲಿ 'ಅಡಚಣೆ ಮಾಡಬೇಡಿ' ತೆರೆದು, ವೇಳಾಪಟ್ಟಿಯಲ್ಲಿ ದಿನಾ 1:30ರಿಂದ 3:30 ಎಂದು ಕೊಡಿ. ಕರೆಗಳಲ್ಲಿ 'ನಕ್ಷತ್ರ ಹಾಕಿದವರು ಮಾತ್ರ' ಎಂದು ಆರಿಸಿ, ಅಪ್ಪ-ಅಮ್ಮ, ಮಕ್ಕಳ ನಂಬರಿಗೆ ನಕ್ಷತ್ರ ಹಾಕಿ. ಒಬ್ಬರೇ ಮತ್ತೆ ಕರೆದರೆ ಬಿಡಲಿ ಎನ್ನುವ ಆಯ್ಕೆಯನ್ನೂ ಹಾಕಿ. ಆ್ಯಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಎರಡನೇ ಸಲ ಕರೆದವರದು ರಿಂಗಾಗುತ್ತದೆ, ನಿಜವಾದ ತುರ್ತು ತಪ್ಪುವುದಿಲ್ಲ. ವಾಟ್ಸಾಪ್ ಗುಂಪುಗಳನ್ನು 'ಯಾವಾಗಲೂ' ಮ್ಯೂಟ್ ಮಾಡಿ.

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರಿಗೆ ಇನ್ನೊಂದು ಸೂಚನೆ. ತ್ರೀ ಫೇಸ್ ಬಂದಾಗ ಕರೆ ಮಾಡುವ ಮೊಬೈಲ್ ಸ್ಟಾರ್ಟರ್ ಇದ್ದರೆ ಅದರ ಸಿಮ್ಮಿನ ನಂಬರಿಗೂ ನಕ್ಷತ್ರ ಹಾಕಿ. ಅದಕ್ಕಿಂತ ಒಳ್ಳೆಯದು, ಅದನ್ನು ಆಟೋದಲ್ಲಿ ಇಟ್ಟು ಡ್ರೈ ರನ್ ರಕ್ಷಣೆಯನ್ನು ಚಾಲೂ ಮಾಡುವುದು. ಏಪ್ರಿಲಿನಲ್ಲಿ ಬೋರಿನ ನೀರು ಇಳಿದು ಮೋಟ್ರು ಬರಿದೇ ತಿರುಗಿ ಸುಡುತ್ತದೆ. ನೀರು ಇರುವಾಗ ಮೋಟ್ರು ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ, ಅದಕ್ಕಿಂತ ಕಾಲುಭಾಗ ಕಡಿಮೆಯಾದರೆ ಆರುವಂತೆ ಕೊಡಿ, ಮತ್ತೆ ಶುರುವಾಗಲು ಕನಿಷ್ಠ ಒಂದು ಗಂಟೆ ಬಿಡಿ. ಹೀಗೆ ಮಾಡಿದವರು ಮೊಬೈಲು ಕೈಯಲ್ಲಿ ಹಿಡಿದೇ ಮಲಗಬೇಕಾಗಿಲ್ಲ.

ನಿದ್ದೆ ಅರ್ಧ ಗಂಟೆ ಸಾಕು, ಮೂರರೊಳಗೆ ಏಳಿ. ಒಂದೂವರೆ ಗಂಟೆ ಮಲಗಿದರೆ ತಲೆ ಭಾರ, ರಾತ್ರಿ ನಿದ್ದೆಯೂ ದೂರ. ಉಳಿದ ಹೊತ್ತು ಸುಮ್ಮನೆ ಒರಗಿರಿ, ಅದೂ ವಿಶ್ರಾಂತಿಯೇ.

ಕುಡಿಯುವ ನೀರಿಗೆ ಗಡಿಗೆ

ಇದರದೂ ಕೂಲರಿನ ತತ್ವವೇ, ಕರೆಂಟು ಬೇಡ ಅಷ್ಟೆ. ಬಣ್ಣ ಬಳಿದ, ಹೊಳಪು ಕೊಟ್ಟ ಗಡಿಗೆ ತಣ್ಣಗೆ ಮಾಡುವುದಿಲ್ಲ, ಅದರ ಸೂಕ್ಷ್ಮ ರಂಧ್ರ ಮುಚ್ಚಿರುತ್ತವೆ. ಬೆರಳಲ್ಲಿ ತಟ್ಟಿದರೆ ಠಣ್ ಎನ್ನಬೇಕು. ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು, ಮೊದಲ ಎರಡು ಸಲದ ನೀರು ಚೆಲ್ಲಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಒದ್ದೆ ಮರಳಿನ ಮೇಲೆ, ನೆರಳು ಮತ್ತು ಗಾಳಿ ಎರಡೂ ಇರುವ ಪಡಸಾಲೆಯಲ್ಲಿ ಇಡಿ. ಕೂಲರ್ ಇರುವ ಕೋಣೆಯಲ್ಲಿ ಬೇಡ, ಅಲ್ಲಿನ ಒದ್ದೆ ಗಾಳಿಗೆ ಗಡಿಗೆ ಬೆವರುವುದಿಲ್ಲ. ಹೊರಮೈಗೆ ಬಿಳಿ ಕಲೆ ಬಂದರೆ ತೆಂಗಿನ ನಾರಿನಿಂದ ಉಜ್ಜಿ.

ಮಳೆ ಶುರುವಾದ ಮೇಲೆ

ಭರಣಿ ಮಳೆ ಒಂದೆರಡು ಬಿದ್ದ ಮೇಲೆ ಗಾಳಿಗೆ ತೇವ ಸೇರುತ್ತದೆ. ಆಗ ಪಂಪು ಹಾಕಿದರೆ ಸೆಕೆ ಹೆಚ್ಚುತ್ತದೆ, ಕೂಲರಿನ ಫ್ಯಾನು ಮಾತ್ರ ಓಡಿಸಿ. ಮಧ್ಯೆ ನಾಲ್ಕು ದಿನ ಮತ್ತೆ ಒಣ ಬಿಸಿಲಾದರೆ ಪಂಪು ಹಾಕಬಹುದು. ರೋಹಿಣಿ ಹೊತ್ತಿಗೆ ಎತ್ತಿಡುವುದೇ ಸರಿ. ಟ್ಯಾಂಕು ಖಾಲಿ ಮಾಡಿ, ಗೋಡೆ ಉಜ್ಜಿ, ಪಂಪಿನ ಜಾಲರಿಯ ಕೆಸರು ತೆಗೆದು, ಪ್ಯಾಡುಗಳನ್ನು ಬಿಚ್ಚಿ ಒಂದು ದಿನ ಬಿಸಿಲಿಗೆ ಒಣಗಿಸಿ. ಪಂಪಿನ ಚಕ್ರವನ್ನು ಬೆರಳಿಂದ ಎರಡು ಸುತ್ತು ತಿರುಗಿಸಿ ನೋಡಿ, ಬಿಗಿಯಿದ್ದರೆ ಸುಣ್ಣ ಕಟ್ಟಿದೆ, ಅದನ್ನೂ ನಿಂಬೆ ಉಪ್ಪಿನ ನೀರಲ್ಲಿ ಅದ್ದಿಡಿ. ಎಲ್ಲ ಒಣಗಿದ ಮೇಲೆ ಹಳೆಯ ಹತ್ತಿ ಸೀರೆ ಹೊದಿಸಿ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದ ತೇವ ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ.