ದೋಸೆ ಅಂದರೆ ಏನು? ಎಪ್ಪತ್ತರ ಹೊತ್ತಿಗೆ ತರ್ಕ ಕಲಿತ ನನ್ನ ಅನುಭವ

ಐವತ್ತು ವರ್ಷಕ್ಕೂ ಜಾಸ್ತಿ ದೋಸೆಯ ವಾಸನೆಯಲ್ಲೇ ಬದುಕಿದವನು ನಾನು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ. ಆಮೇಲೆ ಸಪ್ಲಾಯರ್ ಆದೆ, ಕೊನೆಗೆ ಗಲ್ಲಾದಲ್ಲಿ ಕೂತೆ. ಅಂಥ ನನ್ನನ್ನು ಮೂರು ವರ್ಷದ ಹಿಂದೆ ಮೊಮ್ಮಗಳು ಕೇಳಿದಳು: "ಅಜ್ಜ, ದೋಸೆ ಅಂದ್ರೆ ಏನು? ಒಂದೇ ವಾಕ್ಯದಲ್ಲಿ ಹೇಳು." ಶಾಲೆಯ ಯಾವುದೋ ಪ್ರಾಜೆಕ್ಟ್ ಅಂತೆ.

"ದೋಸೆ ಅಂದ್ರೆ... ದೋಸೆ" ಎಂದೆ. ಅವಳು ನಕ್ಕು, ಫೋನ್ ನೋಡಿ ಏನೋ ಬರೆದುಕೊಂಡಳು.

ನನಗೆ ನಗು ಬರಲಿಲ್ಲ. ಗಲ್ಲಾ ಬಿಟ್ಟು ಡೊಂಬಿವಲಿಯ ಮನೆಯಲ್ಲಿ ಕೂತ ಮೇಲೆ ಮಾತಿನ ನಡುವೆ ಶಬ್ದವೇ ಸಿಗುತ್ತಿರಲಿಲ್ಲ. "ಅದು, ಅದೇ, ಅದರದ್ದು" ಎನ್ನುವುದು ಜಾಸ್ತಿಯಾಗಿತ್ತು. ಡಾಕ್ಟರು ಬಿಪಿ ನೋಡಿದರು, ಕಿವಿ ಪರೀಕ್ಷೆ ಮಾಡಿಸಿದರು, ದೊಡ್ಡ ತೊಂದರೆ ಇಲ್ಲ ಎಂದರು. ಸುಡೋಕು ಶುರು ಮಾಡಿದೆ. ಆರು ತಿಂಗಳಲ್ಲಿ ಸುಡೋಕು ಚೆನ್ನಾಗಿ ಬಂತು. ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಒಬ್ಬರು ಸಂಸ್ಕೃತದ ಮೇಷ್ಟ್ರಿದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು. ದೋಸೆಯ ಕಥೆ ಹೇಳಿದೆ. "ಮಾರಾಯ್ರೆ, ಒಂದು ವಸ್ತು ಏನು ಅಂತ ಅದಕ್ಕೆ ಮಾತ್ರ ಹೊಂದುವ ಹಾಗೆ ಹೇಳೋದಕ್ಕೆ ಲಕ್ಷಣ ಅಂತಾರೆ. ದೋಸೆಗೆ ಲಕ್ಷಣ ಹೇಳಿ ನೋಡುವಾ" ಎಂದರು. ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಪಾಠ ಶುರುವಾಯಿತು. ನಾನು, ಮತ್ತೆ ಕೆಳಗಿನ ಮನೆಯ ಒಬ್ಬ ಗೆಳೆಯ. ಇಬ್ಬರೇ ವಿದ್ಯಾರ್ಥಿಗಳು.

ಅವರು ಹಿಡಿದದ್ದು 17ನೇ ಶತಮಾನದಲ್ಲಿ ಅನ್ನಂಭಟ್ಟ ಬರೆದ 'ತರ್ಕಸಂಗ್ರಹ', ತರ್ಕ ಕಲಿಸುವ ಸಂಸ್ಕೃತ ಪುಸ್ತಕ. ಬಾಲರಿಗೆ ಸುಲಭವಾಗಿ ತಿಳಿಯಲಿ ಎಂದು ಬರೆದದ್ದು ಅಂತ ಮೊದಲ ಶ್ಲೋಕದಲ್ಲೇ ಇದೆಯಂತೆ. ಈ ಬಾಲರಿಗೆ ಒಟ್ಟು ನೂರಾ ಮೂವತ್ತು ದಾಟಿತ್ತು.

ಮೊದಲು ಕಲಿತದ್ದು ಲಕ್ಷಣದ ಮೂರು ದೋಷ. ಉದಾಹರಣೆಗೆ ಹಸುವನ್ನೇ ಕೊಡುವುದು ವಾಡಿಕೆ. ಕಂದು ಬಣ್ಣ ಇರುವುದೇ ಹಸು ಎಂದರೆ ಬಿಳಿ ಹಸು ಹೊರಗುಳಿಯುತ್ತದೆ. ಅದು ಅವ್ಯಾಪ್ತಿ. ಕೋಡು ಇರುವುದು ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ. ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಒಂದು ಹಸುವಿಗೂ ಹೊಂದುವುದಿಲ್ಲ. ಅದು ಅಸಂಭವ. ಸರಿಯಾದ ಲಕ್ಷಣ ಯಾವುದು? ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು. ಊರಿನಲ್ಲಿ ನಮ್ಮ ಮನೆಯಲ್ಲೇ ನಾಲ್ಕು ಹಸು ಇದ್ದವು. ದಿನಾ ಅದೇ ಗಂಗೆದೊಗಲು ತುರಿಸಿ ಆಟ ಆಡಿದ್ದೇನೆ. ಆದರೆ ಎಮ್ಮೆಗೆ ಅದಿಲ್ಲ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಈಗ ದೋಸೆ. ಉದ್ದು, ಅಕ್ಕಿ ರುಬ್ಬಿ, ಹುಳಿ ಬರಿಸಿ, ಕಾವಲಿಯಲ್ಲಿ ಹುಯ್ದದ್ದು ಎಂದು ಬರೆದೆ. ಗೆಳೆಯ ಕೂಡಲೇ "ನೀರ್ ದೋಸೆ?" ಎಂದ. ಅದಕ್ಕೆ ಉದ್ದೂ ಇಲ್ಲ, ಹುಳಿಯೂ ಇಲ್ಲ. ಅವ್ಯಾಪ್ತಿ. ಹೊಡೆದು ಹಾಕಿ, ತೆಳ್ಳನೆಯ ಹಿಟ್ಟನ್ನು ಕಾವಲಿಯ ಮೇಲೆ ಹರಡಿ ಬೇಯಿಸಿದ್ದು ಎಂದು ಬರೆದೆ. ಪಕ್ಕದ ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಕಡಲೆ ಹಿಟ್ಟಿನಿಂದ ಮಾಡುವ ಬೇಸನ್ ಪೋಳಾ ಒಳಗೆ ಬಂದು ಕೂತಿತು. ಅತಿವ್ಯಾಪ್ತಿ. ಅಕ್ಕಿಯದ್ದೇ ಆಗಬೇಕು ಎಂದೆ. ರಾಗಿ ದೋಸೆ ಹೊರಗೆ ಹೋಯಿತು. ಕೊಂಕಣದವರ ಘಾವಣ್ ಏನು ಮಾಡುವುದು ಎಂದು ಒಂದು ವಾರ ಜಗಳವಾಯಿತು. ಅಕ್ಕಿ ಹಿಟ್ಟು, ನೀರು, ಉಪ್ಪು, ಕಾವಲಿ. ಕಾಕು ಕರೆದು ತಿನ್ನಿಸಿದರು. ತಿಂದ ಮೇಲೆ ನಾನೇ ಒಪ್ಪಿದೆ. ಅದು ನಮ್ಮ ನೀರ್ ದೋಸೆಯ ತಂಗಿಯಲ್ಲ, ನೀರ್ ದೋಸೆಯೇ. ಹೆಸರು ಬೇರೆ ಅಂತ ಇಷ್ಟು ದಿನ ಬೇರೆ ತಿಂಡಿ ಅಂದುಕೊಂಡಿದ್ದೆ.

ಉತ್ತಪ್ಪದಲ್ಲಿ ಪೂರ್ತಿ ಸಿಕ್ಕಿಬಿದ್ದೆ. ಹಿಟ್ಟು ಅದೇ, ಕಾವಲಿ ಅದೇ, ದಪ್ಪ ಮಾತ್ರ ಬೇರೆ. ಭಟ್ಟರಿಗೆ, ಅಂದರೆ ಅಡುಗೆಯವರಿಗೆ, ಅದು ದೋಸೆಯ ಇನ್ನೊಂದು ರೂಪ. ಗಲ್ಲಾದವನಿಗೆ ಅದು ಬೇರೆ ಐಟಂ, ಬೇರೆ ರೇಟು. "ಯಾರಿಗಾಗಿ, ಯಾವ ಕೆಲಸಕ್ಕಾಗಿ ಲಕ್ಷಣ ಹೇಳುತ್ತಿದ್ದೀರಿ ಅನ್ನೋದು ಮೊದಲು ತೀರ್ಮಾನ ಮಾಡಿ" ಎಂದರು ಮೇಷ್ಟ್ರು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮಾತು. 'ಹಿರಿಯ ನಾಗರಿಕ' ಎಂಬ ಶಬ್ದ ಹಿಡಿದಾಗ ಅದು ಚೆನ್ನಾಗಿ ಅರ್ಥವಾಯಿತು. 2007ರ ಪೋಷಕರ ಹಾಗೂ ಹಿರಿಯರ ಪೋಷಣೆಯ ಕಾನೂನಿನಲ್ಲಿ 60 ತುಂಬಿದರೆ ಹಿರಿಯ. ಆದಾಯ ತೆರಿಗೆಯಲ್ಲೂ 60, ಆದರೆ 80ಕ್ಕೆ ಇನ್ನೊಂದು ಮೆಟ್ಟಿಲು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಅರ್ಧ ಟಿಕೆಟ್ ಬೇಕಾದರೆ 65, ಪೂರ್ತಿ ಪುಕ್ಕಟೆ ಬೇಕಾದರೆ 75. ಗೆಳೆಯನಿಗೆ ಆಗ 63. "ಕೋರ್ಟಿನಲ್ಲಿ ಮುದುಕ, ಬಸ್ಸಿನಲ್ಲಿ ಹುಡುಗ" ಎಂದು ಅವನನ್ನು ಇವತ್ತಿಗೂ ಕೀಟಲೆ ಮಾಡುತ್ತೇವೆ.

ಮೇಷ್ಟ್ರ ಕಪಾಟಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಇದೆ, 'ನ್ಯಾಯಕೋಶ'. ತರ್ಕದ ಶಬ್ದಗಳಿಗೆ ಲಕ್ಷಣ ಹೇಳುವ ನಿಘಂಟು. ಬರೆದವರು ಭೀಮಾಚಾರ್ಯ ಝಳಕೀಕರ್. ಝಳಕಿ ನಮ್ಮ ವಿಜಯಪುರ ಜಿಲ್ಲೆಯ ಊರು. ಅವರು ಪಾಠ ಹೇಳಿದ್ದು ಇದೇ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. 1928ರಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿತು. ನನಗೆ ಅದನ್ನು ಓದಲು ಬರುವುದಿಲ್ಲ. ಆದರೂ ಆ ಕಡೆಯಿಂದ ಇಲ್ಲಿಗೆ ಬಂದು ಶಬ್ದ ಅಳೆಯುತ್ತಾ ಕೂತ ಒಬ್ಬರಿದ್ದರು ಎಂದು ತಿಳಿದು ಸಂತೋಷವಾಯಿತು.

ಆಮೇಲೆ ಅನುಮಾನದ ಪಾಠ. ಸಂಶಯ ಅಲ್ಲ, ಒಂದನ್ನು ನೋಡಿ ಇನ್ನೊಂದನ್ನು ತಿಳಿಯುವುದು. ಗುಡ್ಡದ ಮೇಲೆ ಹೊಗೆ ಇದೆ, ಹಾಗಾಗಿ ಬೆಂಕಿ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ, ಅಡುಗೆಮನೆಯ ಹಾಗೆ. ತಿರುಗಿಸಿದರೆ ನಿಲ್ಲುವುದಿಲ್ಲ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಕೆಂಪಗೆ ಕಾದ ಕಬ್ಬಿಣದ ಉಂಡೆಯಲ್ಲಿ ಹೊಗೆ ಎಲ್ಲಿದೆ? ಬೆಂಕಿಯಿಂದ ಹೊಗೆ ಬರಬೇಕಾದರೆ ಸೌದೆ ಒದ್ದೆ ಇರಬೇಕು, ಅದಕ್ಕೆ ಉಪಾಧಿ ಎನ್ನುತ್ತಾರೆ. ಇದನ್ನು ಕೇಳಿದಾಗ ಆಷಾಢದಲ್ಲಿ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಾದ ಅಮ್ಮನ ನೆನಪಾಯಿತು. ಉಪಾಧಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಪರೀಕ್ಷೆಗೆಂದು ಮೇಷ್ಟ್ರ ಮಗ ಒಂದು ಆಟ ತಂದ. ಇಂಗ್ಲೆಂಡಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಕೊಟ್ಟದ್ದು. ನಾಲ್ಕು ಕಾರ್ಡು: ಅ, ಕ, 4, 7. ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಸ್ವರ ಇದ್ದರೆ ಹಿಂದೆ ಸಮಸಂಖ್ಯೆ ಇರಬೇಕು ಎನ್ನುವುದು ನಿಯಮ. ನಿಯಮ ಸರಿಯಿದೆಯೇ ಎಂದು ನೋಡಲು ಯಾವ ಕಾರ್ಡು ತಿರುಗಿಸಬೇಕು? ನಾನು ಅ ಮತ್ತು 4 ಎಂದೆ. ತಪ್ಪು. ಹೆಚ್ಚಿನವರು ಇದೇ ತಪ್ಪು ಮಾಡುತ್ತಾರಂತೆ.

ಒಪ್ಪಲು ಮನಸ್ಸಾಗಲಿಲ್ಲ. ರಾತ್ರಿ ಮಲಗಿದಾಗ ಅದನ್ನು ನನ್ನ ಗಲ್ಲಾಕ್ಕೆ ತಂದೆ. ನಮ್ಮಲ್ಲಿ ನಿಯಮ ಇತ್ತು: ಪಾರ್ಸೆಲ್ ಆದರೆ ದುಡ್ಡು ಮೊದಲು. ಮುಂದೆ ನಾಲ್ಕು ಚೀಟಿ. ಒಂದು ಪಾರ್ಸೆಲಿನದು, ಒಂದು ಟೇಬಲಿನದು, ಒಂದರಲ್ಲಿ ದುಡ್ಡು ಬಂದಿದೆ, ಒಂದರಲ್ಲಿ ಬಂದಿಲ್ಲ. ನಾನು ಯಾವುದನ್ನು ತಿರುಗಿಸಿ ನೋಡುತ್ತಿದ್ದೆ? ಪಾರ್ಸೆಲಿನದು, ದುಡ್ಡು ಬಾರದ್ದು. ದುಡ್ಡು ಬಂದ ಚೀಟಿ ಪಾರ್ಸೆಲಾದರೇನು, ಟೇಬಲಾದರೇನು, ನನಗೇನು ನಷ್ಟ! ಹಾಗಾದರೆ ಕಾರ್ಡಿನಲ್ಲಿ ಉತ್ತರ ಅ ಮತ್ತು 7. ಎದ್ದು ಕೂತು ಹೆಂಡತಿಯನ್ನು ಎಬ್ಬಿಸಿದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇಡೀ ಜೀವಮಾನ ಸರಿಯಾಗಿ ಮಾಡಿದ ಕೆಲಸ, ಅಕ್ಷರ-ಅಂಕಿಯ ವೇಷ ಹಾಕಿ ಬಂದಾಗ ಗುರುತೇ ಸಿಗಲಿಲ್ಲ ನೋಡಿ. ಆಮೇಲಿನಿಂದ ಕಷ್ಟದ್ದು ಏನು ಬಂದರೂ ಮೊದಲು ಹೋಟೆಲಿಗೆ ತರುತ್ತೇನೆ. ನೀವು ಟೈಲರ್ ಆಗಿದ್ದರೆ ಅಂಗಡಿಗೆ ತನ್ನಿ, ಟೀಚರ್ ಆಗಿದ್ದರೆ ಕ್ಲಾಸಿಗೆ.

ನನ್ನ ಕ್ರಮ ಇಷ್ಟೇ. ನೂರು ಪುಟದ ಒಂದು ನೋಟ್‌ಬುಕ್. ದಿನಕ್ಕೆ ಒಂದೇ ಶಬ್ದ, ಮನೆಯದ್ದೇ: ಬಾಡಿಗೆ, ಸಾಲ, ನೆಂಟ, ಜ್ವರ. ನಿಘಂಟು ನೋಡದೆ ಲಕ್ಷಣ ಬರೆಯುವುದು, ಮಾರನೇ ದಿನ ಅದನ್ನು ಒಡೆಯಲು ನೋಡುವುದು. ಒಡೆಯಲು ಇನ್ನೊಬ್ಬರು ಬೇಕೇ ಬೇಕು. ಒಬ್ಬನೇ ಕೂತರೆ ನಾನು ಬರೆದದ್ದೆಲ್ಲ ನನಗೆ ಸರಿಯಾಗೇ ಕಾಣುತ್ತದೆ.

ಮೊದಲ ವರ್ಷ ಮನೆಯವರಿಗೆ ನಾನು ದೊಡ್ಡ ಕಾಟವಾಗಿದ್ದೆ. ಮಗ "ಫಾಸ್ಟ್ ಲೋಕಲ್ ಎಲ್ಲ ಸ್ಟೇಷನ್ನಲ್ಲೂ ನಿಲ್ಲಲ್ಲ" ಎಂದರೆ, ಕೆಲವು ಕಡೆ ನಿಲ್ಲಲ್ಲವೋ, ಎಲ್ಲಿಯೂ ನಿಲ್ಲಲ್ಲವೋ ಎಂದು ಹಿಡಿಯುತ್ತಿದ್ದೆ. ಅವನು ಗಾಡಿ ತಪ್ಪಿಸಿಕೊಂಡ ದಿನ ಹೆಂಡತಿ, "ನಿಮ್ಮ ತರ್ಕ ಮೂರನೇ ಮಾಳಿಗೆಯಲ್ಲೇ ಬಿಟ್ಟು ಬನ್ನಿ" ಎಂದಳು. ಈಗ ಬೇರೆಯವರ ಮಾತು ತಿದ್ದುವುದಿಲ್ಲ. ನನ್ನದನ್ನು ಮಾತ್ರ.

ಇದರಿಂದ ಮರೆವಿನ ಕಾಯಿಲೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರ ಮೇಲೆ 'ಆಕ್ಟಿವ್' ಎಂಬ ದೊಡ್ಡ ಅಧ್ಯಯನ ನಡೆದಿತ್ತು. ಹತ್ತು ವರ್ಷದ ನಂತರದ ಫಲಿತಾಂಶ 2014ರಲ್ಲಿ ಬಂತು. ತರ್ಕದ ತರಬೇತಿ ಪಡೆದವರಿಗೆ ತರ್ಕದಲ್ಲಿ ಆದ ಲಾಭ ಆಗಲೂ ಉಳಿದಿತ್ತು, ನೆನಪಿನ ತರಬೇತಿ ಪಡೆದವರಿಗೆ ನೆನಪಿನಲ್ಲಿ ಆದದ್ದು ಉಳಿದಿರಲಿಲ್ಲ. ಅಂದರೆ ಕಲಿತದ್ದರಲ್ಲಿ ಚುರುಕಾಗಬಹುದು. ಅದರಾಚೆ ಜಾಸ್ತಿ ಹೇಳಿದರೆ ಅತಿವ್ಯಾಪ್ತಿ. ನನಗೆ ಕಾಣುವುದು ಒಂದೇ: "ಅದು, ಇದು" ಕಡಿಮೆಯಾಗಿದೆ. ಶಬ್ದ ಸಿಗದಿದ್ದರೆ ಅದರ ಲಕ್ಷಣ ಹೇಳಿಬಿಡುತ್ತೇನೆ, ಎದುರಿನವರು ಶಬ್ದ ಕೊಡುತ್ತಾರೆ.

ನಿನ್ನೆಯ ಶಬ್ದ 'ಮರೆವು'. ಮೊದಲು ಗೊತ್ತಿದ್ದದ್ದು ಬೇಕಾದಾಗ ನೆನಪಿಗೆ ಬಾರದಿರುವುದು ಎಂದು ಬರೆದಿದ್ದೇನೆ. ಗೆಳೆಯ ಆಗಲೇ ಅಡ್ಡಗಾಲು ಹಾಕಿದ್ದಾನೆ: ಬೇಕಾದಾಗ ಬಾರದೆ, ಅರ್ಧ ಗಂಟೆ ಬಿಟ್ಟು ಸ್ನಾನ ಮಾಡುವಾಗ ತಾನಾಗಿ ಬಂದರೆ ಅದು ಮರೆವೋ, ಬರೀ ತಡವೋ? ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ಕಾಕು ಘಾವಣ್ ಮಾಡಿ ಕಳಿಸುತ್ತೇನೆ ಎಂದಿದ್ದಾರೆ.