ಮೆದುಳಿನ ಗಡ್ಡೆ ಮರಳಿದರೆ ಗುರುತಿಸುವುದು ಹೇಗೆ?

ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದ ಮೇಲೂ ಸಣ್ಣ ತಲೆನೋವಿಗೇ ಎದೆ ಝಲ್ಲೆನ್ನುತ್ತದೆ, ಅಲ್ವಾ? ಒಂದು ದಿನ ಬಂದು ಹೋಗುವ ನೋವಿಗೆ ಅಷ್ಟು ಹೆದರಬೇಡಿ. ದಿನೇ ದಿನೇ ಜಾಸ್ತಿಯಾಗುವ ಬದಲಾವಣೆಯ ಮೇಲೆ ಕಣ್ಣಿಡಿ.

ಮೊದಲು, ಕಾಯಿಲೆ ಶುರುವಾದಾಗ ಏನೇನಾಗಿತ್ತು ಎಂದು ಬರೆದಿಡಿ. ಗಡ್ಡೆ ಮರಳಿದರೆ ಹೆಚ್ಚಾಗಿ ಹಳೆಯ ಜಾಗದಲ್ಲೋ ಅದರ ಅಂಚಿನಲ್ಲೋ ಬೆಳೆಯುತ್ತದೆ. ಹಾಗಾಗಿ ಹಳೆಯ ತೊಂದರೆಯೇ ಮತ್ತೆ ಕಾಣಿಸಬಹುದು. ಆಗ ಮಾತು ತಡವರಿಸಿದ್ದರೆ, ಈಗಲೂ ಮಾತನ್ನೇ ಗಮನಿಸಿ.

ಆಮೇಲೆ ಹೊಸ ಲಕ್ಷಣಗಳನ್ನು ತಾರೀಖಿನ ಸಮೇತ ಬರೆಯುತ್ತಾ ಬನ್ನಿ. ಬೆಳಗ್ಗೆ ಏಳುವಾಗ ಜೋರಾಗಿರುವ, ಮಲಗಿದರೆ ಅಥವಾ ಕೆಮ್ಮಿದರೆ ಹೆಚ್ಚುವ ತಲೆನೋವು, ಜೊತೆಗೆ ವಾಂತಿ. ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬರುವುದು. ಕಣ್ಣು ಮಂಜಾಗುವುದು, ವಿಪರೀತ ಮಂಪರು. ಸಿಡುಕು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ರೋಗಿಗೇ ಗೊತ್ತಾಗದಿರಬಹುದು. ಮನೆಯವರು ಇದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು.

ಕೈಕಾಲಿನ ಬಲ ಕುಗ್ಗಿದರೆ ಒಂದೇ ಕಡೆಯೋ, ಎರಡೂ ಕಡೆಯೋ ನೋಡಿ. ಗಡ್ಡೆಯಿಂದಾದ ನಿಶ್ಶಕ್ತಿ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಇರುತ್ತದೆ. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಔಷಧಿ ಎರಡೂ ತೊಡೆಗಳ ಬಲ ಕುಗ್ಗಿಸಬಹುದು. ಆಗ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ಇದರ ಡೋಸ್ ಇಳಿಸುವಾಗ ಮೆದುಳಿನ ಬಾವು ಹೆಚ್ಚಿ ಹಳೆಯ ಲಕ್ಷಣಗಳು ಮರಳುವುದೂ ಉಂಟು. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅಪಾಯ. ಜ್ವರ ಬಂದಿತ್ತೇ, ಫಿಟ್ಸ್ ಮಾತ್ರೆ ತಪ್ಪಿತ್ತೇ ಎಂಬುದನ್ನೂ ವೈದ್ಯರಿಗೆ ತಿಳಿಸಿ, ಲಕ್ಷಣಗಳಿಗೆ ಅವೂ ಕಾರಣವಿರಬಹುದು.

ಇಷ್ಟಾದರೂ ಮನೆಯಲ್ಲೇ ಕೂತು ತೀರ್ಮಾನಿಸಲು ಆಗದು. ಅದಕ್ಕೆ ಎಂಆರ್‌ಐ ಬೇಕು. ವೇಗವಾಗಿ ಬೆಳೆಯುವ ಕ್ಯಾನ್ಸರ್ ಗಡ್ಡೆಯಾದ ಗ್ಲಿಯೋಬ್ಲಾಸ್ಟೋಮಾ ಆಗಿದ್ದರೆ ಸಾಮಾನ್ಯವಾಗಿ 2ರಿಂದ 4 ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ಚೆನ್ನಾಗಿಯೇ ಇದ್ದೇವೆ ಎಂದು ತಪ್ಪಿಸಬೇಡಿ, ಲಕ್ಷಣವೇ ಇಲ್ಲದೆಯೂ ಗಡ್ಡೆ ಮರಳಬಹುದು. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಗಡ್ಡೆ 10 ವರ್ಷ ಕಳೆದ ಮೇಲೂ ಮತ್ತೆ ಬರಬಹುದು.

ವರದಿಯಲ್ಲಿ ಗಡ್ಡೆ ದೊಡ್ಡದಾದಂತೆ ಕಂಡರೂ ತಕ್ಷಣ ಕುಗ್ಗಬೇಡಿ. ರೇಡಿಯೇಷನ್ ಮುಗಿದ ಮೊದಲ 3 ತಿಂಗಳಲ್ಲಿ ಚಿಕಿತ್ಸೆಯ ಪರಿಣಾಮವೇ ಗಡ್ಡೆಯಂತೆ ಕಾಣುವುದುಂಟು. ತಿಂಗಳುಗಳು, ವರ್ಷಗಳು ಕಳೆದ ಮೇಲೆ ರೇಡಿಯೇಷನ್‌ನಿಂದ ಸತ್ತ ಭಾಗವೂ ಹಾಗೇ ಕಾಣಬಹುದು. ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಒಯ್ದು ಹೋಲಿಸಿ ನೋಡಲು ಕೇಳಿ. ಕೆಲವೊಮ್ಮೆ ಕೆಲವು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್, ಜೀವಕೋಶಗಳ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಅಥವಾ ಆ ಭಾಗದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗುತ್ತದೆ.

ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರ ತಪ್ಪಿದರೆ, ಇದ್ದಕ್ಕಿದ್ದಂತೆ ಒಂದು ಪಕ್ಕ ಸ್ವಾಧೀನ ತಪ್ಪಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ. ಅಲ್ಲಿಯವರೆಗೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ.