ಅಪ್ಪನ ಮಳೆ ಪುಸ್ತಕ, ನಮ್ಮ ಹತ್ತು ಎಕರೆ ಕಾಫಿ

ದಕ್ಷಿಣ ಕೊಡಗಿನ ಸಿದ್ದಾಪುರದ ಸಮೀಪ ನಮಗೆ ಹತ್ತು ಎಕರೆ ರೊಬಸ್ಟಾ ಕಾಫಿ ತೋಟವಿದೆ. ಈ ಕಡೆಯ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿಯೇ ಹೇಳುತ್ತಾರೆ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ನನ್ನ ತಂದೆ 1981ರಿಂದ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತೋಟದ ಹೊಣೆ ನನಗೆ ಬಂದ ಮೇಲೆ ಆ ಪುಸ್ತಕವನ್ನು ನಾನೂ ಬರೆಯುತ್ತಾ ಹೋದೆನೇ ಹೊರತು ಓದಲಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟಗಳು ಕುಸಿದು, ಮರುವರ್ಷ ಅದೇ ತಿಂಗಳಲ್ಲಿ ಕಾವೇರಿ ಉಕ್ಕಿ ನಮ್ಮ ನೆರೆಯ ಕರಡಿಗೋಡು, ಗುಹ್ಯದ ಮನೆಗಳಿಗೆ ನುಗ್ಗಿದ ನಂತರವೇ ಅದನ್ನು ಮೊದಲ ಪುಟದಿಂದ ಓದಲು ಕುಳಿತೆ.

ವರ್ಷದ ಒಟ್ಟು ಮೊತ್ತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಿನದ ಲೆಕ್ಕ ಬೇರೆಯೇ ಆಗಿತ್ತು. ಜೂನ್, ಜುಲೈ ತಿಂಗಳುಗಳಲ್ಲಿ ಜಿಟಿಜಿಟಿ ಎಂದು ಹರಡಿಕೊಂಡಿದ್ದ ಮಳೆ ಆಗಸ್ಟ್‌ನ ಕೆಲವೇ ದಿನಗಳಿಗೆ ಒತ್ತರಿಸಿ ಬರತೊಡಗಿತ್ತು. ಅಪ್ಪನ ಹಳೆಯ ಪುಟಗಳಲ್ಲಿ ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಬರುತ್ತಿದ್ದ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಒಮ್ಮೆ ಜನವರಿಗೆ, ಇನ್ನೊಮ್ಮೆ ಏಪ್ರಿಲ್‌ಗೆ ಸರಿದಿತ್ತು.

ಕಾಫಿಗೆ ಇದು ಸಣ್ಣ ವಿಷಯವಲ್ಲ. ಬೇಸಗೆಯ ಒಣ ಹವೆಯಲ್ಲಿ ಮೊಗ್ಗು ಗಿಡದ ಗೆಣ್ಣುಗಳಲ್ಲಿ ನಿದ್ದೆಯಲ್ಲಿರುತ್ತದೆ. ಒಂದು ಇಂಚಿಗೆ ಮೇಲ್ಪಟ್ಟು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ ಮನೆಯ ಒಳಗಿನವರೆಗೂ ಬರುತ್ತದೆ. ಇಪ್ಪತ್ತು ಮೂವತ್ತು ಸೆಂಟು ಮಾತ್ರ ಬಿದ್ದರೆ ಮೊಗ್ಗು ಅರ್ಧ ಎದ್ದು ಅಲ್ಲಿಯೇ ಕರಟುತ್ತದೆ. ರೊಬಸ್ಟಾ ಗಿಡದ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಮತ್ತು ಜೇನು ಅದನ್ನು ತರುತ್ತವೆ. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ, ಆ ಗೆಣ್ಣಿನಲ್ಲಿ ನಾಲ್ಕಾರು ಕಾಯಿ ಉಳಿದರೆ ಪುಣ್ಯ.

ಆದ್ದರಿಂದ ಆಕಾಶವನ್ನು ಕಾಯುವುದನ್ನು ಬಿಟ್ಟು ಸ್ಪ್ರಿಂಕ್ಲರ್‌ಗೆ ಹೋಗಲು ನಿರ್ಧರಿಸಿದೆ. ಲೆಕ್ಕ ಹಾಕಿದಾಗ ಎದೆ ನಡುಗಿತು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಹೂವಿಗೆ ಒಂದೂವರೆ ಇಂಚು, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟಲು ಇನ್ನೊಂದು ಇಂಚು ಕೊಡಬೇಕಾದರೆ, ಆರು ಎಕರೆಗೇ ಹದಿನೈದು ಲಕ್ಷ ಲೀಟರ್ ನೀರು ಹಿಡಿಯುವ ಕೆರೆ ಬೇಕು. ಮೊದಲು ಮನೆಯ ಮೇಲಿನ ಇಳಿಜಾರಿನಲ್ಲಿ ತೋಡಿಸುವ ಯೋಚನೆಯಿತ್ತು, ನೀರು ತಾನಾಗಿ ಕೆಳಗೆ ಹರಿಯುತ್ತದೆ ಎಂಬ ಆಸೆಯಿಂದ. 2018ರ ಬೆಟ್ಟಗಳನ್ನು ಕಣ್ಣಾರೆ ಕಂಡವನಿಗೆ ಇಳಿಜಾರನ್ನು ಕಡಿದು ನೀರು ನಿಲ್ಲಿಸುವ ಧೈರ್ಯ ಬರಲಿಲ್ಲ. ಪಾಳು ಬಿದ್ದಿದ್ದ ಗದ್ದೆಯ ಅಂಚಿನಲ್ಲಿ ಕೆರೆ ತೆಗೆಸಿದೆ. ನೀರನ್ನು ಮೇಲಕ್ಕೆತ್ತುವ ಡೀಸೆಲ್ ಖರ್ಚು ಹೆಚ್ಚಾಯಿತು, ಆದರೆ ರಾತ್ರಿ ನಿದ್ದೆ ಬರುತ್ತದೆ. ನೆರಳು ಮರಗಳ ಕೊಂಬೆಗಳನ್ನು ಬೋಳಾಗಿ ಕಡಿಸುವುದನ್ನೂ ನಿಲ್ಲಿಸಿದೆ. ಉದುರಿದ ಎಲೆ ಗಿಡದ ಬುಡದಲ್ಲಿಯೇ ಉಳಿದರೆ ಬೇಸಗೆಯಲ್ಲಿ ಮಣ್ಣಿನ ತೇವ ಹೆಚ್ಚು ದಿನ ನಿಲ್ಲುತ್ತದೆ.

ನೀರು ಸಿಗದ ನಾಲ್ಕು ಎಕರೆಯಲ್ಲಿ ಹೂ ಮೂರು ಕಂತಿನಲ್ಲಿ ಬರುತ್ತದೆ, ಹಣ್ಣೂ ಮೂರು ಕಂತಿನಲ್ಲಿ. ಒಂದೇ ಗಿಡಕ್ಕೆ ಮೂರು ಸಲ ಆಳು ಕಳುಹಿಸಬೇಕು. ಅಷ್ಟರಲ್ಲಿ ಅಕಾಲದ ಮಳೆ ಬಂದರೆ ಹಣ್ಣು ನೆಲಕ್ಕೆ, ಕಣದಲ್ಲಿ ಹರಡಿದ್ದು ಬೂಷ್ಟಿಗೆ. 2021ರ ಜನವರಿ ಮೊದಲ ವಾರದ ಮಳೆಯಲ್ಲಿ ಟಾರ್ಪಾಲು ಹೊದಿಸಿ ಹೊದಿಸಿ ಸೋತೆವು. ಕೊಯ್ಲಿಗೆ ಬಂದಿದ್ದ ಕಾರ್ಮಿಕ ಕುಟುಂಬಗಳಿಗೆ ಆ ವಾರ ಕೂಲಿಯೂ ಇಲ್ಲದಂತಾಯಿತು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಪಾಲು ಕರ್ನಾಟಕದ್ದು, ಬೆಳೆಯ ಹೆಚ್ಚು ಭಾಗ ಹೊರದೇಶಗಳಿಗೆ ಹೋಗುತ್ತದೆ, ಬೆಳೆಗಾರರಲ್ಲಿ ಬಹುತೇಕ ಎಲ್ಲರೂ ನನ್ನಂಥ ಸಣ್ಣ ಹಿಡುವಳಿದಾರರು. ಅಕಾಲದ ಒಂದು ಮಳೆಯ ನಷ್ಟ ಕಾರ್ಮಿಕರು ಇರುವ ಲೈನ್ ಮನೆಯಿಂದ ಬಂದರಿನವರೆಗೂ ಹೋಗುತ್ತದೆ ಎಂಬುದನ್ನು ನಾನು ಆ ವಾರ ಕಂಡೆ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಫೆಬ್ರವರಿಗೆ ನನ್ನ ಕೆರೆಯಲ್ಲಿ ಅರ್ಧ ನೀರಿತ್ತು. ಅದೇ ವರ್ಷ ವಿಯೆಟ್ನಾಂನ ಬರದಿಂದಾಗಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಬೇಲಿಯಾಚೆಯ ಮೂರು ಎಕರೆಯ ಮನೆಯವರಿಗೆ ಕೆರೆಯಿಲ್ಲ. ಆ ಬೆಲೆಗೆ ಮಾರಲು ಅವರ ಗಿಡದಲ್ಲಿ ಕಾಯಿ ನಿಲ್ಲುವುದೇ ಅನುಮಾನವಾಗಿತ್ತು. ಆರು ಎಕರೆಗೆ ಎರಡು ಸಲ ಕೊಡುವ ಬದಲು ನಾಲ್ಕು ಎಕರೆಗೆ ಹೂವಿನ ನೀರು ಮಾತ್ರ ಕೊಟ್ಟು, ಉಳಿದದ್ದರಲ್ಲಿ ಎರಡು ರಾತ್ರಿ ಬೇಲಿಯ ಮೇಲಿಂದ ಪೈಪು ಎಳೆದು ಅವರ ಒಂದು ಎಕರೆಯನ್ನು ನೆನೆಸಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಎರಡೂ ಕಡೆ ಹೂ ಅರಳಿತು. ಅಪ್ಪನ ಪುಸ್ತಕದಲ್ಲಿ ಹೂವಿಗೊಂದು ಕಾಲಂ ಇರಲಿಲ್ಲ. ಅಂಚಿನಲ್ಲಿ ಗೆರೆ ಎಳೆದು ಆ ದಿನಾಂಕವನ್ನು ಬರೆದಿದ್ದೇನೆ.